ಒಂದು ಕಿವಿ, ಮೂರು ಕಟಕ್

ದಾವಣಗೆರೆಯ ಮಂಡಿಪೇಟೆಯಲ್ಲಿ ಒಬ್ಬ ಹಮಾಲರು ಬೆನ್ನ ಮೇಲೆ ಅಕ್ಕಿ ಚೀಲ ಹೊತ್ತು, ಬಾಯಲ್ಲಿ ಬೀಡಿ ಕಚ್ಚಿಕೊಂಡು, ಚೀಲದ ಅಡಿಯಿಂದಲೇ ಯಾರನ್ನೋ ನೋಡಿ ನಗುತ್ತಾ ಬರುತ್ತಿದ್ದರು. ನಾನು ಕ್ಯಾಮೆರಾ ಎತ್ತಿದೆ. ಫೋಕಸ್ ತಿರುಗಿಸಿದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಷ್ಟರಲ್ಲಿದೆ ಅಂತ ನೋಡಲು ಕ್ಯಾಮೆರಾ ಇಳಿಸಿದೆ. ಮತ್ತೆ ಎತ್ತಿದೆ. ಅಷ್ಟರಲ್ಲಿ ಚೀಲ ಲಾರಿ ಸೇರಿತ್ತು. ಹಮಾಲರು ನನ್ನ ಕಡೆ ತಿರುಗಿ, "ಆತೇನ್ರೀ?" ಅಂದರು.

ಆಗಿರಲಿಲ್ಲ. ಅವತ್ತು ಸಂಜೆ ಮನೆಗೆ ಬಂದು ಶುರು ಹಚ್ಚಿಕೊಂಡ ಕೆಲಸದ ಲೆಕ್ಕ ಇದು. ಕಣ್ಣು ಬೀದಿಯ ಮೇಲೇ ಇರಬೇಕು, ಕ್ಯಾಮೆರಾ ಬೆರಳಿಗೇ ಗೊತ್ತಾಗಬೇಕು. ಅಷ್ಟೇ ಆಸೆ. ಅದಕ್ಕೆ ಎರಡು ರೀಲು, ಒಂದು ಸೈಕಲ್ ಟ್ಯೂಬು ಮತ್ತು ಒಂದು ಹಾಳೆ ಸ್ಟಿಕರ್ ಬೊಟ್ಟು ಖರ್ಚಾದವು.

ಕ್ಯಾಮೆರಾ ನಿಕಾನ್ ಎಫ್‌ಎಂ10. 1995ರಲ್ಲಿ ಬಂದ ಮಾದರಿ. ಹೆಸರು ನಿಕಾನ್‌ದು, ತಯಾರಿಸಿದ್ದು ಕೊಸಿನಾ ಎಂಬ ಇನ್ನೊಂದು ಜಪಾನಿ ಕಂಪನಿ. ಮೈ ಪ್ಲಾಸ್ಟಿಕ್, ಹಿಡಿದರೆ ಆಟದ ಸಾಮಾನಿನ ಹಾಗೆ ಹಗುರ. ಆದರೆ ಶಟರ್, ಅಂದರೆ ರೀಲಿಗೆ ಬೆಳಕು ಬಿಟ್ಟು ಮುಚ್ಚುವ ಪರದೆ, ಪೂರ್ತಿ ಮೆಕ್ಯಾನಿಕಲ್. ಒಳಗಿರುವ ಎರಡು ಎಲ್‌ಆರ್44 ಸೆಲ್ಲು ಬರೀ ಬೆಳಕಿನ ಮೀಟರ್‌ಗೆ. ಸೆಲ್ಲು ಸತ್ತರೂ ಫೋಟೋ ತೆಗೆಯಬಹುದು. ಲೆನ್ಸು ಸೀರೀಸ್ ಇ 28 ಎಂಎಂ, ಎಫ್/2.8. ಅಪರ್ಚರ್ ರಿಂಗು ಲೆನ್ಸಿನ ಬುಡದಲ್ಲಿ, ಅದರ ಮುಂದೆ ಫೋಕಸ್ ರಿಂಗು, ಶಟರ್ ಡಯಲ್ ಮೇಲೆ ಬಲಗಡೆ. ತಿರುಗಿಸಬೇಕಾದದ್ದು ಈ ಮೂರೇ.

ಮೊಬೈಲ್ ಇದೆಯಲ್ಲಾ ಅನ್ನುತ್ತೀರಿ. ಇದೆ. ಆದರೆ ಚೌಕಿಪೇಟೆಯಲ್ಲಿ ಮೊಬೈಲ್ ಎತ್ತಿದರೆ ಜನ ಕೂದಲು ಸರಿಮಾಡಿಕೊಳ್ಳುತ್ತಾರೆ. ಈ ಹಳೇ ಡಬ್ಬಿ ಎತ್ತಿದರೆ ಅಯ್ಯೋ ಪಾಪ ಅಂತ ಸುಮ್ಮನಾಗುತ್ತಾರೆ. ಒಬ್ಬ ಹುಡುಗ ಮಾತ್ರ ಕೇಳಿದ, "ಅಣ್ಣಾ, ಇದೇನು?" ರೀಲ್ ಕ್ಯಾಮೆರಾ ಅಂದೆ. "ಹೌದಾ! ರೀಲ್ಸ್ ಎಷ್ಟ್ ನಿಮಿಷದ್ದು ಬರುತ್ತೆ?"

ಮೊದಲ ಪ್ರಯತ್ನ: ಬೊಟ್ಟು

ಎಲ್ಲದಕ್ಕೂ ಗುರುತು ಅಂಟಿಸುವುದು ಅಂತ ಲೆಕ್ಕ ಹಾಕಿದೆ. ಡಯಲ್ ಮೇಲೆ 500ರ ಹತ್ತಿರ ಒಂದು, 125ರ ಹತ್ತಿರ ಒಂದು. ಅಪರ್ಚರ್ ರಿಂಗಿನ ಮೇಲೆ ಎಫ್/8ಕ್ಕೆ ಒಂದು. ಫೋಕಸ್ ರಿಂಗಿಗೆ ಮೂರು. ಹರಳು ಇರುವ ಸ್ಟಿಕರ್ ಬೊಟ್ಟು ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಚಿಕ್ಕದು, ಗಟ್ಟಿ, ಬೆರಳಿಗೆ ಚುಚ್ಚುವಷ್ಟು ಉಬ್ಬು. ಹೆಂಡತಿ ನೋಡಿ, "ಇದಕ್ಕ ಲಗ್ನ ಯಾವಾಗ?" ಅಂದಳು.

ಮನೆಯಲ್ಲಿ ಚೆನ್ನಾಗಿತ್ತು. ಹೊರಗೆ ಹೋಗಿ ಅರ್ಧ ಗಂಟೆಗೆ ಬೆವರಿಗೆ ಎರಡು ಉದುರಿದವು. ಉಳಿದವುಗಳಲ್ಲಿ ಯಾವುದು ಯಾವುದಕ್ಕೆ ಅಂತ ನನಗೇ ಗೊತ್ತಾಗಲಿಲ್ಲ. ಆರು ಉಬ್ಬು ನೆನಪಿಟ್ಟುಕೊಳ್ಳುವುದಕ್ಕಿಂತ ಕ್ಯಾಮೆರಾ ಇಳಿಸಿ ನೋಡುವುದೇ ಬೇಗ.

ಆದರೂ ಆ ಅರ್ಧ ಗಂಟೆಯಲ್ಲಿ ಒಂದು ವಿಷಯ ತಿಳಿಯಿತು. ಫೋಕಸ್ ರಿಂಗಿನ ಉಬ್ಬು ಕೆಲಸ ಮಾಡುತ್ತದೆ, ಅಪರ್ಚರ್ ರಿಂಗಿನದು ಮಾಡುವುದಿಲ್ಲ. ಫೋಕಸ್ ರಿಂಗು ಸಾಕಷ್ಟು ದೂರ ತಿರುಗುತ್ತದೆ. ಉಬ್ಬು ಎಲ್ಲಿದೆ ಅನ್ನುವುದೇ ಅಳತೆ ಹೇಳುತ್ತದೆ. ಅಪರ್ಚರ್ ರಿಂಗಿನಲ್ಲಿ ಒಂದು ಅಂಕಿಯಿಂದ ಇನ್ನೊಂದಕ್ಕೆ ಚೂರೇ ಚೂರು ದೂರ. ಬೆರಳಿಗೆ ಆ ವ್ಯತ್ಯಾಸ ಸಿಗುವುದಿಲ್ಲ. ಅಲ್ಲಿ ಸಿಗುವುದು ಸದ್ದು, ಅಂದರೆ ಆ ಕಟಕ್ ಅನ್ನುವ ತಡೆ.

ಅಪರ್ಚರ್: ಎಣಿಸಿದರೆ ಸಾಕು

ಈ ಲೆನ್ಸಿನಲ್ಲಿ ಇರುವ ಎಫ್ ಅಂಕಿಗಳು 2.8, 4, 5.6, 8, 11, 16, 22. ಒಟ್ಟು ಏಳು. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಒಂದೊಂದಕ್ಕೂ ಒಂದೊಂದು ಕಟಕ್. ನಡುವಿನದು 8. ಅಂದರೆ ರಿಂಗನ್ನು ಯಾವ ಕಡೆಗಾದರೂ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಮೂರು ಕಟಕ್ ವಾಪಸ್ ಬಂದರೆ 8. ಯಾವ ಕಡೆ ತಿರುಗಿಸಿದೆ ಅಂತ ಮರೆತರೂ ತೊಂದರೆ ಇಲ್ಲ! ಇಷ್ಟು ವರ್ಷ ಈ ಲೆನ್ಸು ಕೈಯಲ್ಲಿಟ್ಟುಕೊಂಡು ಇದನ್ನು ಗಮನಿಸಿರಲಿಲ್ಲ. ಗುರುತು ಅಂಟಿಸಬೇಕಾಗಿಯೇ ಇರಲಿಲ್ಲ. ಆ ಬೊಟ್ಟು ಕಿತ್ತು ಹಾಕಿದೆ.

ಇನ್ನು ಬೆಳಕಿನ ಲೆಕ್ಕ. ರೀಲು 400 ಸ್ಪೀಡಿನದು. ಸುಡುಬಿಸಿಲಿದ್ದರೆ ಎಫ್/16ಕ್ಕೆ ಶಟರ್ ಸ್ಪೀಡು ಸುಮಾರು ರೀಲಿನ ಸ್ಪೀಡಿನಷ್ಟೇ, ಅಂದರೆ ಸೆಕೆಂಡಿನ 500ನೇ ಒಂದು ಭಾಗ. ಇದು ಹಳೇ ಲೆಕ್ಕ, ರೀಲಿನ ಡಬ್ಬದ ಮೇಲೇ ಅಚ್ಚು ಹಾಕುತ್ತಿದ್ದರು. ತೆರೆದ ನೆರಳಿಗೆ ಅದೇ 500ರಲ್ಲಿ ಎಫ್/5.6. ನೆಗೆಟಿವ್ ರೀಲು ಒಂದು ಪಾಲು ಬೆಳಕು ಜಾಸ್ತಿ ಬಿದ್ದರೂ ತಡೆದುಕೊಳ್ಳುತ್ತದೆ, ಕಡಿಮೆ ಬಿದ್ದರೆ ನೆರಳಿನ ಭಾಗ ಬರಿದಾಗುತ್ತದೆ. ಹಾಗಾಗಿ ಬಿಸಿಲಿಗೂ 16 ಬಿಟ್ಟು 11 ಇಟ್ಟುಕೊಂಡೆ.

ಅಲ್ಲಿಗೆ ಲೆಕ್ಕ ಇಷ್ಟಾಯಿತು. ಎಂಟು ಅನ್ನುವುದು ಮನೆ. ಬಿಸಿಲಿಗೆ ಬಂದರೆ ಒಂದು ಕಟಕ್ ಆ ಕಡೆ, ನೆರಳಿಗೆ ಹೋದರೆ ಒಂದು ಕಟಕ್ ಈ ಕಡೆ. ಚೌಕಿಪೇಟೆಯ ಓಣಿಗಳಲ್ಲಿ ಒಂದು ಬದಿ ಬಿಸಿಲು, ಇನ್ನೊಂದು ಬದಿ ನೆರಳು ಇರುತ್ತದಲ್ಲ, ಅಲ್ಲಿ ಮನೆಯಲ್ಲೇ ಇರುವುದು. ಕೆ.ಆರ್. ಮಾರುಕಟ್ಟೆಯಲ್ಲಿ ತಾಡಪಾಲಿನ ಕೆಳಗೆ ಹೋದರೆ ಮಾತ್ರ ಎಫ್/4, ಜೊತೆಗೆ ಡಯಲ್ ಎರಡು ಮೆಟ್ಟಿಲು ಇಳಿಸಿ 125. ಡಯಲ್ ತಿರುಗಿಸುವುದು ಅಷ್ಟೇ. ಅದರ ಮೇಲಿನ ಬೊಟ್ಟುಗಳೂ ಹೋದವು.

ಫೋಕಸ್: ಕಿವಿ

ಉಳಿದದ್ದು ಫೋಕಸ್. ಇದೇ ನಿಜವಾದ ತಲೆನೋವು, ಇದಕ್ಕೇ ಸಮಯ ಹೋಯಿತು.

ಮೊದಲು ಅಳತೆ. ಪಡಸಾಲೆಯಲ್ಲಿ ಟೇಪು ಹಾಸಿದೆ. ದೂರ ಅಳೆಯುವುದು ಲೆನ್ಸಿನ ಮುಖದಿಂದ ಅಲ್ಲ, ರೀಲು ಕೂರುವ ಜಾಗದಿಂದ. ಲೆನ್ಸಿನ ಮೇಲಿನ ಅಂಕಿಗಳು ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿಯಾಗಬೇಕಿತ್ತು. ರೀಲು ಇಲ್ಲದ ಕ್ಯಾಮೆರಾದ ಹಿಂಬಾಗಿಲು ತೆರೆದು, ರೀಲು ಹಾಯುವ ಹಳಿಗಳ ಮೇಲೆ ಮಬ್ಬು ಸೆಲ್ಲೋಟೇಪನ್ನು ಬಿಗಿಯಾಗಿ ಎಳೆದು ಅಂಟಿಸಿದೆ. ಡಯಲ್ 'ಬಿ'ಗೆ (ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುವ ಜಾಗ) ಇಟ್ಟು, ಕೇಬಲ್ ರಿಲೀಸ್ ಒತ್ತಿ ಬೀಗ ಹಾಕಿ ಶಟರ್ ತೆರೆದೇ ಇಟ್ಟೆ. ಅಪರ್ಚರ್ 2.8. ಆ ಟೇಪಿನ ಮೇಲೆ ನಮ್ಮ ಕಿಟಕಿ ಸರಳು ತಲೆಕೆಳಗಾಗಿ ಬಂತು, ಹಿತ್ತಲಿನ ತೆಂಗಿನ ಗರಿ ಸಮೇತ. ಭೂತಗನ್ನಡಿ ಹಿಡಿದು ಸರಳು ಚೂಪಾಗುವವರೆಗೆ ರಿಂಗು ತಿರುಗಿಸಿದೆ. ಟೇಪಿನ ಅಳತೆಗೂ ಲೆನ್ಸಿನ ಅಂಕಿಗೂ ಸರಿಹೋಯಿತು. ಇದನ್ನು ಮಾಡುವವರು ಒಂದು ನೆನಪಿಡಿ. ಶಟರ್ ಪರದೆಗೆ ಬೆರಳು ತಾಗಬಾರದು. ತೆಳುವಾದ ಲೋಹದ ಎಲೆಗಳು ಅವು, ಒಮ್ಮೆ ಬಾಗಿದರೆ ಮುಗೀತು.

ಎಲ್ಲಿಗೆ ಗುರುತು ಅನ್ನುವುದಕ್ಕೆ ನಮ್ಮ ಬೀದಿಯ ಸ್ಟುಡಿಯೋ ಕಾಕಾ ದಾರಿ ತೋರಿಸಿದರು. ಮದುವೆ ಫೋಟೋ ತೆಗೆದೇ ಮಕ್ಕಳ ಮದುವೆ ಮಾಡಿದವರು. ನಾನು ಮೀಟರ್ ಲೆಕ್ಕ ಹೇಳುತ್ತಿದ್ದರೆ ಕೈ ಅಡ್ಡ ಹಿಡಿದರು. "ಮೀಟರ್ ಬಿಡೋ. ಅಡಿ ಹೇಳು. ಹತ್ತಡಿಗೆ ಎಂಟು, ಏಳಡಿಗೆ ಹನ್ನೊಂದು. ಅಕ್ಕಿಕಾಳು ಬೀಳೋವಾಗ ಮೀಟರ್ ನೋಡ್ಕಂತ ಕುಂತರೆ ಬೀಗರು ಬೈತಾರೆ." ಅದು ಫ್ಲ್ಯಾಶಿನ ಲೆಕ್ಕ. ಅವರ ಫ್ಲ್ಯಾಶಿನ ಶಕ್ತಿ ಅಡಿಯಲ್ಲಿ 80. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಬರುತ್ತದೆ. 80ನ್ನು 10ರಿಂದ ಭಾಗಿಸಿ, 8. 7ರಿಂದ ಭಾಗಿಸಿ, 11ಕ್ಕೆ ಹತ್ತಿರ. ದೂರ ತಪ್ಪಾದರೆ ಹೆಣ್ಣಿನ ಮುಖ ಸುಣ್ಣವಾಗುತ್ತಿತ್ತು, ಅದಕ್ಕೇ ಆ ಕಾಲದವರ ಕಣ್ಣಲ್ಲೇ ಟೇಪು ಇತ್ತು. ನನಗೆ ಫ್ಲ್ಯಾಶ್ ಬೇಡ, ಆದರೆ ಅಡಿ ಹಿಡಿಸಿತು. ನಮ್ಮ ಕಡೆ ಸೈಟು, ಬಾಗಿಲು, ಬಚ್ಚಲು ಎಲ್ಲಾ ಅಡಿಯಲ್ಲೇ ತಾನೇ ಯೋಚಿಸುವುದು?

ಹಾಗಾಗಿ ಎರಡು ದೂರ ಆರಿಸಿದೆ. 8 ಅಡಿ, ಅಂದರೆ ಹೆಚ್ಚುಕಡಿಮೆ ಎರಡೂವರೆ ಮೀಟರ್. ಮತ್ತೆ 4 ಅಡಿ. 28 ಎಂಎಂ ಲೆನ್ಸು ಎಫ್/8ರಲ್ಲಿ 8 ಅಡಿಗೆ ನಿಂತರೆ ಸುಮಾರು ನಾಲ್ಕೂವರೆ ಅಡಿಯಿಂದ 30 ಅಡಿಯಾಚೆಯವರೆಗೆ ಚೊಕ್ಕವಾಗಿ ಬರುತ್ತದೆ. 4 ಅಡಿಗೆ ನಿಂತರೆ 3ರಿಂದ 6 ಅಡಿ. ಎರಡೂ ಒಂದರ ಮೇಲೊಂದು ಹಾಯುತ್ತವೆ. ನಡುವೆ ಸಂದು ಉಳಿಯುವುದಿಲ್ಲ. ಮೂರನೆಯದು ರಿಂಗಿನ ಆಚೆ ಕೊನೆ, ಅನಂತ. ಅದಕ್ಕೆ ಗುರುತು ಬೇಕಿಲ್ಲ, ಅದೇ ಹೋಗಿ ನಿಲ್ಲುತ್ತದೆ.

ಇಲ್ಲಿ ಒಂದು ಖುಷಿಯ ಸಂಗತಿ ಸಿಕ್ಕಿತು. ಅನಂತದಿಂದ 8 ಅಡಿಗೆ ಬರಲು ರಿಂಗು ಎಷ್ಟು ತಿರುಗಬೇಕೋ, 8 ಅಡಿಯಿಂದ 4 ಅಡಿಗೂ ಬಹುತೇಕ ಅಷ್ಟೇ. ಲೆನ್ಸು ಮುಂದಕ್ಕೆ ಸರಿಯುವುದು ದೂರಕ್ಕೆ ತಿರುವುಮುರುವಾಗಿ. ದೂರ ಅರ್ಧವಾದರೆ ಸರಿಯುವುದು ದುಪ್ಪಟ್ಟು. ಆದ್ದರಿಂದ 8 ಅಡಿಗೆ ಇಟ್ಟಾಗ ಉಬ್ಬು ನೇರ ಕೆಳಗೆ ನೆಲ ನೋಡುವಂತೆ ಕೂರಿಸಿದರೆ, ಒಂದು ಪಕ್ಕಕ್ಕೆ ವಾಲಿದರೆ 4 ಅಡಿ, ಇನ್ನೊಂದು ಪಕ್ಕಕ್ಕೆ ಅಷ್ಟೇ ವಾಲಿದರೆ ಅನಂತ. ತಕ್ಕಡಿ ಮುಳ್ಳಿನ ಹಾಗೆ. ಮೂರು ಉಬ್ಬು ಬೇಕಾಗಿಲ್ಲ. ಒಂದೇ ಸಾಕು. ಅದಕ್ಕೆ ಕಿವಿ ಅಂತ ಹೆಸರಿಟ್ಟೆ.

ಮಾಡಿದ ಬಗೆ ಹೀಗೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬಿನ ತುಂಡು ಕೇಳಿ ತಂದೆ, ದುಡ್ಡು ತಗೊಳ್ಳಲಿಲ್ಲ. ಫೋಕಸ್ ರಿಂಗಿನ ಅಗಲಕ್ಕೆ ಪಟ್ಟಿ ಕತ್ತರಿಸಿ ಸುತ್ತಿದೆ. ಅದರ ಮೇಲೆ ತೆಳು ಕೇಬಲ್ ಟೈ. ಅದರ ತಲೆ ಇದೆಯಲ್ಲ, ಆ ಚೌಕದ ಗಂಟು, ಅದೇ ಕಿವಿಯ ಎಲುಬು. ಲೆನ್ಸನ್ನು 8 ಅಡಿಗೆ ಇಟ್ಟು, ಗಂಟು ಕೆಳಗೆ ಬರುವಂತೆ ಎಳೆದು ಬಿಗಿದೆ. ಬಾಲವನ್ನು ನೇಲ್ ಕಟರ್‌ನಿಂದ ಕತ್ತರಿಸಿದೆ. ಕತ್ತರಿಯಲ್ಲಿ ಕತ್ತರಿಸಿದರೆ ಚೂಪು ಮೊನೆ ಉಳಿದು ಬೆರಳು ಗೀರುತ್ತದೆ.

ಎರಡನೇ ದಿನಕ್ಕೆ ಎಡವಟ್ಟು ಗೊತ್ತಾಯಿತು. ಕಿವಿ ಕೆಳಗೇ ಇದೆ, ಲೆನ್ಸಿನ ಅಂಕಿ 5 ಅಡಿ ತೋರಿಸುತ್ತಿದೆ. ಪಟ್ಟಿ ಜಾರಿತ್ತು. ಯಾಕೆ ಅಂತ ಬಿಚ್ಚಿ ನೋಡಿದರೆ ಟ್ಯೂಬಿನ ಒಳಗಡೆ ಬಿಳೀ ಪುಡಿ. ಅಂಟಿಕೊಳ್ಳದಿರಲಿ ಅಂತಲೇ ಒಳಗೆ ಪುಡಿ ಹಾಕಿರುತ್ತಾರೆ. ನಾನು ಆ ಮಗ್ಗುಲನ್ನೇ ರಿಂಗಿಗೆ ತಾಗಿಸಿ ಸುತ್ತಿದ್ದೆ. ಸೋಪು ಹಾಕಿ ತೊಳೆದು, ರಿಂಗನ್ನೂ ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಟೈ ಹಾಕಿದೆ. ಆಮೇಲೆ ಕದಲಿಲ್ಲ.

ಗಂಟಿನ ಮೂಲೆಗಳು ಗಟ್ಟಿ ಇದ್ದವು, ಬೆರಳು ನೋಯುತ್ತಿತ್ತು. ಎಂ-ಸೀಲ್ ಕಲಸಿ ಅದರ ಮೇಲೆ ಮೆತ್ತಿದೆ. ಕಡಲೆಕಾಳಿನಷ್ಟು ಸಾಕು, ನಾನು ಅವರೆಕಾಳಿನಷ್ಟು ಹಾಕಿ ಅರ್ಧ ತೆಗೆದೆ. ಉಳಿದ ಲೆನ್ಸಿಗೆಲ್ಲಾ ಪ್ಲಾಸ್ಟಿಕ್ ಸುತ್ತಿದ್ದೆ. ಬೆರಳು ಒದ್ದೆ ಮಾಡಿಕೊಂಡರೆ ಕೈಗೆ ಮೆತ್ತುವುದಿಲ್ಲ. ಹಸಿ ಇರುವಾಗಲೇ ಕ್ಯಾಮೆರಾ ಹಿಡಿಯುವ ಹಾಗೆ ಹಿಡಿದು ನಡುಬೆರಳಿಂದ ಮೆಲ್ಲಗೆ ಒತ್ತಿದೆ. ಬೆರಳಿನ ಹಳ್ಳ ಅಲ್ಲೇ ಮೂಡಿತು. ರಾತ್ರಿ ಬಿಟ್ಟು, ಬೆಳಿಗ್ಗೆ ಎಮರಿ ಪೇಪರ್‌ನಿಂದ ನಯ ಮಾಡಿದೆ. ನೋಡಲು ಲೆನ್ಸಿಗೆ ಗಡ್ಡೆ ಬಂದ ಹಾಗಿದೆ. ಹಿಡಿಯಲು ಬಹಳ ಹಿತ.

ಎಂಟು ದಿನ ಟಿ.ವಿ. ಮುಂದೆ ಅಭ್ಯಾಸ. ಹೆಂಡತಿ ಸೊಪ್ಪು ಸೋಸುತ್ತಾ "ನಾಕು", "ಎಂಟು", "ಆಚೆ" ಅನ್ನುವುದು, ನಾನು ಕಣ್ಣು ಮುಚ್ಚಿ ತಿರುಗಿಸುವುದು. ದಾರಿಯಲ್ಲಿ ಹೋಗುವಾಗ ಕಣ್ಣಳತೆ. ನಿಲ್ಲಿಸಿದ ಸ್ಕೂಟರ್ ಉದ್ದ ಸುಮಾರು 6 ಅಡಿ. ಸ್ಕೂಟರ್ ಮತ್ತೊಂದು ಹೆಜ್ಜೆ ಅಂದರೆ 8. ನಮ್ಮೂರ ರಸ್ತೆಯಲ್ಲಿ ಈ ಅಳತೆಗೋಲಿಗೆ ಬರವೇ ಇಲ್ಲ.

ಮೊದಲ ರೀಲು

ಎಚ್‌ಪಿ5 ಅನ್ನುವ ಕಪ್ಪು-ಬಿಳುಪು ರೀಲು ಹಾಕಿ ಮಂಡಿಪೇಟೆ, ಕಾಳಿಕಾದೇವಿ ರಸ್ತೆ, ಗಾಂಧಿ ಸರ್ಕಲ್ ಸುತ್ತಿದೆ. 36 ಫೋಟೋ. ಒಮ್ಮೆಯೂ ಕ್ಯಾಮೆರಾ ಇಳಿಸಿ ನೋಡಲಿಲ್ಲ. ಜಂಭ ಬಂದುಬಿಟ್ಟಿತ್ತು.

ರೀಲು ತೊಳೆಯುವುದು ಮನೆಯಲ್ಲೇ. ಚಿತ್ರ ಮೂಡಿಸುವ ಡಿ-76 ದ್ರಾವಣಕ್ಕೆ ಅರ್ಧಕ್ಕರ್ಧ ನೀರು ಬೆರೆಸಿ, 20 ಡಿಗ್ರಿಯಲ್ಲಿ 11 ನಿಮಿಷ. ದಾವಣಗೆರೆಯ ಬೇಸಿಗೆಯಲ್ಲಿ ನಲ್ಲಿ ನೀರಿಗೆ 20 ಡಿಗ್ರಿ ಅಂದರೆ ನಗು ಬರುತ್ತದೆ. ಬಕೆಟ್‌ಗೆ ಐಸು ಹಾಕಿ ಡಬ್ಬಿ ಅದರಲ್ಲಿ ಕೂರಿಸಿ ಕಾಯುವುದೇ ಅರ್ಧ ಕೆಲಸ.

ಒಣಗಿದ ಮೇಲೆ ಕಿಟಕಿಗೆ ಹಿಡಿದು ನೋಡಿದೆ. 36ರಲ್ಲಿ 15 ಮಬ್ಬು. ಜಂಭ ಇಳಿಯಿತು.

ಕಿವಿ ಮತ್ತೆ ಜಾರಿತೇ? ಇಲ್ಲ, ಅಳತೆ ಸರಿ ಇತ್ತು. ಮಬ್ಬಾದವನ್ನು ಒಂದು ಕಡೆ ಇಟ್ಟು ನೋಡಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಜನ ನನ್ನ ಎದುರಿಗೆ ನಡೆದು ಬರುತ್ತಿದ್ದಾರೆ, ಹಿಂದಿನ ಅಂಗಡಿ ಬೋರ್ಡು ಮಾತ್ರ ಓದುವಷ್ಟು ಸ್ಪಷ್ಟ. ಆಗ ಹೊಳೆಯಿತು. ಸಾಧಾರಣ ನಡಿಗೆ ಅಂದರೆ ಸೆಕೆಂಡಿಗೆ 4 ಅಡಿ. 8 ಅಡಿ ಆಯ್ತು ಅಂತ ಕಣ್ಣು ಹೇಳಿ, ಬೆರಳು ಒತ್ತುವಷ್ಟರಲ್ಲಿ ಅರ್ಧ ಸೆಕೆಂಡು. ಅವರು 2 ಅಡಿ ಬಂದರು. ನಾನೂ ನಡೆಯುತ್ತಿದ್ದೆ, ನಾನು 2 ಅಡಿ ಹೋದೆ. ಒತ್ತಿದಾಗ ನಡುವೆ ಉಳಿದದ್ದು 4 ಅಡಿ. ಎಫ್/8ರಲ್ಲಿ ನಾಲ್ಕೂವರೆಯಿಂದ ಈಚೆ ಮಬ್ಬು ಅಂತ ನಾನೇ ಲೆಕ್ಕ ಬರೆದಿಟ್ಟಿದ್ದೆ. ನೆರಳಲ್ಲಿ 5.6ಕ್ಕೆ ಬಂದಾಗ ಇನ್ನೂ ಕಷ್ಟ, ಅಲ್ಲಿ 5 ಅಡಿ ದಾಟಬೇಕು. ಮನೆಯಲ್ಲಿ ಬಾಗಿಲಿನ ಮೇಲೆ ಅಭ್ಯಾಸ ಮಾಡಿದ್ದೆ. ಬಾಗಿಲು ನಡೆಯುವುದಿಲ್ಲ.

ಇದಕ್ಕೆ ಎಂ-ಸೀಲ್ ಮದ್ದಲ್ಲ. ಎದುರು ಬರುವವರಿಗೆ ಎರಡು ಸ್ಕೂಟರ್ ದೂರದಲ್ಲೇ ಒತ್ತಲು ಶುರು ಮಾಡಬೇಕು, ಅಥವಾ ನಾನು ನಿಲ್ಲಬೇಕು. ನಿಲ್ಲುವುದೇ ಸುಲಭ.

ಇನ್ನೊಂದು ದೋಷ ನೆಗೆಟಿವ್ ಬಣ್ಣದಲ್ಲೇ ಕಂಡಿತು. 14ನೇ ಫೋಟೋದಿಂದ ಮುಂದೆ ಎಲ್ಲಾ ಒಂದು ಪಾಲು ದಟ್ಟ. ಅಂದರೆ ಬೆಳಕು ಜಾಸ್ತಿ ಹೋಗಿದೆ. ನಾನು ಎಂಟರಲ್ಲಿದ್ದೇನೆ ಅಂದುಕೊಂಡಿದ್ದೆ, ರಿಂಗು 5.6ರಲ್ಲಿತ್ತು. ಕನ್ನಡಿ ಮುಂದೆ ನಿಂತು ಕ್ಯಾಮೆರಾ ಹಿಡಿದು ನೋಡಿದೆ. ನಡುಬೆರಳು ಕಿವಿ ತಿರುಗಿಸುವಾಗ ಹೆಬ್ಬೆರಳು ಹಿಂದಿನ ಅಪರ್ಚರ್ ರಿಂಗನ್ನೂ ಎಳೆದುಕೊಂಡು ಹೋಗುತ್ತಿತ್ತು. ಒಂದು ಕಟಕ್ ಆಗಿದ್ದು ಬೀದಿ ಗದ್ದಲದಲ್ಲಿ ಬೆರಳಿಗೂ ತಿಳಿದಿಲ್ಲ, ನನ್ನ ಕಿವಿಗೂ ಕೇಳಿಲ್ಲ. ಲೆನ್ಸಿನ ಕಿವಿಯನ್ನು ರಿಂಗಿನ ಮುಂದಿನ ಅಂಚಿಗೆ ಸರಿಸಿ ಕಟ್ಟಿದೆ. ಅಂಗೈ ಈಗ ಕ್ಯಾಮೆರಾದ ಅಡಿಗೆ ಬಂತು, ಹೆಬ್ಬೆರಳು ಲೆನ್ಸು ಬಿಟ್ಟು ಪಕ್ಕದಲ್ಲಿ ನಿಲ್ಲುತ್ತದೆ. ಜೊತೆಗೆ ಒಂದು ಚಾಳಿ ಹಚ್ಚಿಕೊಂಡಿದ್ದೇನೆ. ರಸ್ತೆ ತಿರುಗಿದಾಗಲೆಲ್ಲ ಅಪರ್ಚರ್ ಕೊನೆಗೆ ಒಯ್ದು ಮೂರು ಎಣಿಸುವುದು. ಜನ ಜಪಮಣಿ ಎಣಿಸುವ ಹಾಗೆ, ಜೇಬಿನ ಪಕ್ಕದಲ್ಲಿ, ಸುಮ್ನೆ.

ಎರಡನೇ ರೀಲು

ಇದರಲ್ಲಿ ಮಬ್ಬಾದದ್ದು ಐದು. ಅದರಲ್ಲಿ ನಾಲ್ಕು ಮಂಡಕ್ಕಿ ಭಟ್ಟಿಯವು.

ಅಲ್ಲಿಗೆ ಕೇಳಿಕೊಂಡೇ ಹೋಗಿದ್ದೆ. ಬೀದಿಯಲ್ಲಿ ಕೇಳದೆ ತೆಗೆದು ಆಮೇಲೆ ನಕ್ಕು ಮಾತಾಡುವುದು ಬೇರೆ, ಇನ್ನೊಬ್ಬರ ದುಡಿಮೆಯ ಜಾಗಕ್ಕೆ ನುಗ್ಗುವುದು ಬೇರೆ. "ಎಲ್ಡ್ ನಿಮಿಷ ಇದ್ದೋಗ್ರೀ ಅಷ್ಟೇ, ಒಳಗ ಸಿಕ್ಕಾಪಟ್ಟೆ ಶಕೆ" ಅಂದರು ಯಜಮಾನರು. ಹೊಗೆ, ಕಾದ ಮರಳು, ಅದರಲ್ಲಿ ಚಟಚಟ ಅರಳುವ ಅಕ್ಕಿ. ಬೆಳಕು ಅಂದರೆ ಒಲೆಯ ಬಾಯಿ ಮತ್ತು ಒಂದು ಹೆಂಚಿನ ಸಂದು. 2.8ಕ್ಕೆ ಪೂರ್ತಿ ತೆರೆದು, ಶಟರ್ 60ಕ್ಕೆ ಇಳಿಸಿದರೂ ಸಾಲದು ಅನ್ನಿಸಿತು. ಆ 2.8ರಲ್ಲಿ 8 ಅಡಿಗೆ ನಿಂತರೆ ಚೊಕ್ಕ ಬರುವುದು ಆರೂವರೆಯಿಂದ 11 ಅಡಿ ಅಷ್ಟೇ. ಎಫ್/8ರ ಉದಾರತನ ಇಲ್ಲಿಲ್ಲ. ಜರಡಿ ಹಿಡಿದವರ ಹಿಂದೆ ನಾನು ಓಡಾಡಿದ ನಾಲ್ಕೂ ಕೆಟ್ಟವು. ಆಮೇಲೆ ಹೊಸ್ತಿಲಿನಿಂದ 8 ಅಡಿಗೆ ಗೋಡೆಗೆ ಒರಗಿ ನಿಂತೆ. ಕಿವಿ ನೆಲ ನೋಡುತ್ತಿತ್ತು. ಯಾರಾದರೂ ಹೊಸ್ತಿಲು ದಾಟಿದಾಗ ಮಾತ್ರ ಒತ್ತಿದೆ. ಒಬ್ಬ ಹೆಂಗಸು ತಲೆ ಮೇಲೆ ಮಂಡಕ್ಕಿ ಚೀಲ ಹೊತ್ತು, ಬಾಗಿಲಿಗೆ ತಾಗದಂತೆ ಕುತ್ತಿಗೆ ಒಂಚೂರು ಬಗ್ಗಿಸಿ ಹೊರಟಿದ್ದರು. ಅದೊಂದು ಬಂದಿದೆ. ಕೈ ಸ್ವಲ್ಪ ಅಲ್ಲಾಡಿದೆ, ಇರಲಿ.

ಮಂಡಿಪೇಟೆಯ ಆ ಹಮಾಲರು ಮತ್ತೆ ಸಿಕ್ಕರು. ಈ ಸಲ ಬೀಡಿ ಇರಲಿಲ್ಲ, ನಗುವೂ ಇರಲಿಲ್ಲ, ಚೀಲ ಮಾತ್ರ ಇತ್ತು. ತೆಗೆದೆ. ಅವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ನಾನೇ ಹೋಗಿ ಹೇಳಿದೆ. "ಯಾವಾಗ ತಗದ್ರಿ?" ಅಂದರು. ಪ್ರಿಂಟು ಕೊಡಬೇಕು.

ಈಗ ಉಳಿದಿರುವ ಕೆಲಸ ಒಂದೇ. ಕಿವಿ ಬಂದ ಮೇಲೆ ಕ್ಯಾಮೆರಾದ ಹಳೇ ಚರ್ಮದ ಕೇಸು ಮುಚ್ಚುತ್ತಿಲ್ಲ. ಲೆನ್ಸು ಕೂರುವ ಮೂತಿಯ ಕೆಳಗೆ ಒಂದು ಇಂಚು ಕೊಯ್ಯಿಸಿ, ಅಂಚು ಹೊಲಿಸಿಕೊಂಡು ಬರಬೇಕು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರನ್ನು ಕೇಳಿದ್ದೇನೆ, ಸೋಮವಾರ ತಗೊಂಡು ಬನ್ನಿ ಅಂದಿದ್ದಾರೆ.